ಕುಲಾವಿ ಮೊದಲಾ, ಕೂಸು ಮೊದಲಾ? ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಕೋಚ್ ಸಿಸ್ಟಮ್‌ಗೆ ತಕ್ಕ ಆಟಗಾರನ್ನ ಹುಡುಕೋ ಕಥೆ

ನಮ್ಮ ಪಕ್ಕದ ಮನೇಲಿ ಹಾಸನದ ಕಡೆಯ ಅಣ್ಣ ಒಬ್ರಿದ್ದಾರೆ, ಸನಿವೇಲ್‌ಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಫೋರ್ಟಿನೈನರ್ಸ್, ಅದೇ ಸ್ಯಾನ್ ಫ್ರಾನ್ಸಿಸ್ಕೋ ಫುಟ್‌ಬಾಲ್ ಟೀಮ್, ಅಂದ್ರೆ ಪ್ರಾಣ ಬಿಡ್ತಾರೆ. 2021ರ ಡ್ರಾಫ್ಟ್ ಆದ್ಮೇಲೆ, ಆ ಟೀಮ್ ಹೊಸದಾಗಿ ಆರಿಸ್ಕೊಂಡ ಟ್ರೇ ಲ್ಯಾನ್ಸ್ ಹೆಸರಿರೋ 5ನೇ ನಂಬರ್ ಜೆರ್ಸಿ ತಗೊಂಡು ಬಂದು ಗಲ್ಲಿಗೆಲ್ಲಾ ತೋರಿಸಿದ್ರು. ಮೊನ್ನೆ ನೋಡ್ತೀನಿ, ಗ್ಯಾರೇಜ್ ಮುಂದೆ ಬಕೆಟ್ ಇಟ್ಕೊಂಡು ಅದೇ ಜೆರ್ಸಿಯಲ್ಲಿ ಕಾರು ಒರೆಸ್ತಿದ್ದಾರೆ. ಏನಣ್ಣ ಇದು ಅಂದ್ರೆ, "ಇದಕ್ಕೂ ಆಗ್ಬರಲ್ಲ ಕಣೋ ಇದು, ನೀರೇ ಹೀರಲ್ಲ" ಅಂದ್ರು.

ಆ ಜೆರ್ಸಿ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ, ಪ್ರತಿ ವರ್ಷ ಏಪ್ರಿಲ್ ಬಂದ್ರೆ ಟಿವಿಯಲ್ಲಿ ಕೂತ್ಕೊಂಡು ಎಲ್ರೂ ಅದನ್ನೇ ಮಾತಾಡ್ತಾರೆ. ಒಬ್ಬ ಕೋಚ್‌ಗೆ ಅವನದೇ ಒಂದು ಆಫೆನ್ಸ್ ಸಿಸ್ಟಮ್ ಇರತ್ತೆ, ಬಾಲ್ ನಮ್ಮ ಕೈಲಿರುವಾಗ ಹೇಗೆ ಆಡ್ಬೇಕು ಅನ್ನೋ ಅವನ ಲೆಕ್ಕ. ಡ್ರಾಫ್ಟ್‌ನಲ್ಲಿ ಆ ಲೆಕ್ಕಕ್ಕೆ ಕೂರೋ ಹುಡುಗರನ್ನ ಆರಿಸ್ಬೇಕಾ, ಅಥವಾ ಸಿಗೋರಲ್ಲಿ ಒಳ್ಳೆ ಆಟಗಾರನ್ನ ತಗೊಂಡು ಅವನಿಗೆ ತಕ್ಕ ಹಾಗೆ ಸಿಸ್ಟಮ್ ಬದಲಾಯಿಸ್ಬೇಕಾ? ಕೇಳಕ್ಕೆ ಸುಲಭ, ಆದ್ರೆ ಇದರಲ್ಲಿ ಎಡವಿ ಕೆಲಸ ಕಳ್ಕೊಂಡ ಕೋಚ್‌ಗಳು, ಮ್ಯಾನೇಜರ್‌ಗಳು ಒಬ್ಬಿಬ್ರಲ್ಲ.

ಹೊಸಬರಿಗೆ ಎರಡು ಮಾತು. ಇಲ್ಲಿ ಫುಟ್‌ಬಾಲ್ ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಆಡೋ ಅಮೆರಿಕನ್ ಫುಟ್‌ಬಾಲ್. ಎನ್‌ಎಫ್‌ಎಲ್ ಅಂದ್ರೆ ಅದರ ದೊಡ್ಡ ಲೀಗ್, 32 ಟೀಮ್, ಡ್ರಾಫ್ಟ್‌ನಲ್ಲಿ 7 ರೌಂಡ್, ಕಾಲೇಜ್ ಆಡಿ ಬಂದ ಹುಡುಗರನ್ನ ಸರದಿ ಪ್ರಕಾರ ಆರಿಸ್ಕೋತಾರೆ, ಹೋದ ವರ್ಷ ಯಾರು ಕೊನೆಗೆ ಬಿದ್ರೋ ಅವರಿಗೆ ಮೊದಲ ಸರದಿ. ಐಪಿಎಲ್ ಹರಾಜಿನ ಥರ ಅಲ್ಲ ಇದು, ಅಲ್ಲಿ ಪರ್ಸ್‌ನಲ್ಲಿ ದುಡ್ಡಿದ್ರೆ ಯಾರ ಮೇಲೆ ಬೇಕಾದ್ರೂ ಪ್ಯಾಡಲ್ ಎತ್ತಬಹುದು, ಇಲ್ಲಿ ನಿಮ್ಮ ಸರದಿ ಬರೋ ತನಕ ಬೇಕಾದ ಹುಡುಗ ಉಳಿದಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಅರ್ಜೆಂಟ್ ಇದ್ರೆ ಮುಂದಿನ ವರ್ಷಗಳ ಪಿಕ್‌ಗಳನ್ನ, ಅಂದ್ರೆ ಆರಿಸೋ ಸರದಿಗಳನ್ನ, ಅಡ ಇಟ್ಟು ಸರದಿ ಮುಂದಕ್ಕೆ ತಗೋಬಹುದು. ಅಡ ಇಟ್ಟೋರ ಕಥೆಗಳೇ ಮಜಾ ಇರೋದು.

ಲ್ಯಾನ್ಸ್ ಕಥೆಗೆ ಆಮೇಲೆ ಬರ್ತೀನಿ. ಅದಕ್ಕಿಂತ ಮುಂಚೆ ಅರಿಜೋನಾ, ಯಾಕಂದ್ರೆ ಸಿಸ್ಟಮ್‌ಗೋಸ್ಕರ ಡ್ರಾಫ್ಟ್ ಮಾಡೋದು ಅಂದ್ರೇನು ಅಂತ ಪಾಠ ಹೇಳಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ.

2018ರಲ್ಲಿ ಅರಿಜೋನಾ ಕಾರ್ಡಿನಲ್ಸ್ 15ನೇ ಸರದಿಯಿಂದ 10ಕ್ಕೆ ಹಾರಿ ಜಾಶ್ ರೋಸೆನ್ ಅನ್ನೋ ಕ್ವಾರ್ಟರ್‌ಬ್ಯಾಕ್‌ನ, ಅಂದ್ರೆ ಬಾಲ್ ಎಸೆದು ಆಟ ನಡೆಸೋನನ್ನ, ತಗೊಂಡ್ರು. ನಿಂತ ಜಾಗದಿಂದ ಚೆನ್ನಾಗಿ ಎಸೀತಾನೆ, ಓಡೋದು ಅಷ್ಟಕ್ಕಷ್ಟೆ. ಕೋಚ್ ಸ್ಟೀವ್ ವಿಲ್ಕ್ಸ್, ಅವನಿಗೂ ಅದು ಮೊದಲ ವರ್ಷ. ಸೀಸನ್ ಮಧ್ಯೆ ಅಕ್ಟೋಬರ್‌ನಲ್ಲೇ ಆಫೆನ್ಸ್ ನೋಡ್ಕೊಳ್ತಿದ್ದ ಮೈಕ್ ಮೆಕಾಯ್‌ನ ಕಿತ್ತು ಹಾಕಿ ಬೈರನ್ ಲೆಫ್ಟ್‌ವಿಚ್‌ಗೆ ಕೊಟ್ರು, ಅಂದ್ರೆ ಆ ಹುಡುಗ ಒಂದೇ ವರ್ಷದಲ್ಲಿ ಇಬ್ರು ಮೇಷ್ಟ್ರ ಪಾಠ ಓದಿದ, ಎದುರಿಗೆ ನಿಂತು ಕಾಯಬೇಕಾದ ಲೈನ್ ಗಾಯ ಆಗಿ ಆಗಿ ಚಿಂದಿ. ಕೊನೆಗೆ 3 ಗೆಲುವು 13 ಸೋಲು, ರೋಸೆನ್ ಎಸೆದಿದ್ದರಲ್ಲಿ 11 ಟಚ್‌ಡೌನ್, ಅಂದ್ರೆ ಬಾಲ್ ಗೆರೆ ದಾಟಿ ಸ್ಕೋರ್ ಆಗಿದ್ದು, 14 ಇಂಟರ್ಸೆಪ್ಷನ್, ಅಂದ್ರೆ ಎದುರಿನೋರ ಕೈಗೆ ಸಿಕ್ಕಿದ್ದು. ವಿಲ್ಕ್ಸ್‌ನ ಒಂದೇ ವರ್ಷಕ್ಕೆ ಮನೆಗೆ ಕಳಿಸಿದ್ರು.

2019ರ ಜನವರಿಯಲ್ಲಿ ಬಂದಿದ್ದು ಕ್ಲಿಫ್ ಕಿಂಗ್ಸ್‌ಬರಿ. ಟೆಕ್ಸಸ್ ಟೆಕ್ ಯೂನಿವರ್ಸಿಟಿ ಅವನನ್ನ ಆಗ ತಾನೆ ಕೈಬಿಟ್ಟಿತ್ತು, ಅಲ್ಲಿ ಗೆದ್ದಿದ್ದು 35, ಸೋತಿದ್ದು 40, ಆದ್ರೂ ಎನ್‌ಎಫ್‌ಎಲ್‌ನಲ್ಲಿ ಕೆಲಸ ಸಿಕ್ತು ಅಂದ್ರೆ ಕಾರಣ ಅವನ ಸಿಸ್ಟಮ್, ಏರ್ ರೇಡ್. ಹ್ಯಾಲ್ ಮಮ್ಮಿ, ಮೈಕ್ ಲೀಚ್ ಅಂತ ಇಬ್ರು ಸಣ್ಣ ಕಾಲೇಜುಗಳಲ್ಲಿ ಕಟ್ಟಿದ ಆಟ ಇದು, ಕಿಂಗ್ಸ್‌ಬರಿ ಅದೇ ಲೀಚ್ ಕೈಕೆಳಗೆ ಕ್ವಾರ್ಟರ್‌ಬ್ಯಾಕ್ ಆಗಿ ಬೆಳೆದೋನು. ತಿರುಳು ಏನಂದ್ರೆ ಪ್ಲೇಗಳು, ಅಂದ್ರೆ ಮುಂಚೆನೇ ಬರೆದಿಟ್ಟ ಚಾಲುಗಳು, ಬೆರಳೆಣಿಕೆಯಷ್ಟೇ ಇರ್ಬೇಕು, ಅವನ್ನ ಮಗ್ಗಿ ಥರ ಬಾಯಿಪಾಠ ಆಗೋ ತನಕ ಪ್ರಾಕ್ಟೀಸ್ ಮಾಡ್ಬೇಕು, ಮೈದಾನದ ಅಗಲಕ್ಕೂ ನಾಲ್ಕು ಜನ ರಿಸೀವರ್‌ಗಳನ್ನ, ಅಂದ್ರೆ ಬಾಲ್ ಹಿಡಿಯೋರನ್ನ, ಹರಡಿ ನಿಲ್ಲಿಸಿ ಎದುರಿನೋರು ಎಲ್ಲಿ ತೆಳ್ಳಗಾಗ್ತಾರೋ ಅಲ್ಲಿಗೆ ಬೇಗ ಬಾಲ್ ಎಸೀಬೇಕು. ಪ್ಯಾಟ್ರಿಕ್ ಮಹೋಮ್ಸ್ ಕೂಡ ಟೆಕ್ಸಸ್ ಟೆಕ್‌ನಲ್ಲಿ ಕಿಂಗ್ಸ್‌ಬರಿ ಹತ್ರಾನೇ ಆಡಿದ್ದು, ಅವನು ಎನ್‌ಎಫ್‌ಎಲ್‌ನಲ್ಲಿ ಆಗಷ್ಟೇ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಮಟ್ಟದ ಆಟ ತೋರಿಸಿದ್ದ, ಹಾಗಾಗಿ ಆ ವರ್ಷ ಏರ್ ರೇಡ್ ಅಂದ್ರೆ ಸಾಕು ಎಲ್ರ ಕಿವಿ ನೆಟ್ಟಗಾಗ್ತಿತ್ತು.

ಈಗ ನೋಡಿ ಜೋಡಣೆ. ಕಾರ್ಡಿನಲ್ಸ್ ಕೈಲಿ ಆ ವರ್ಷದ ಮೊದಲನೇ ಪಿಕ್ ಇದೆ. ಒಕ್ಲಹೋಮಾ ಯೂನಿವರ್ಸಿಟಿಯಲ್ಲಿ ಕೈಲರ್ ಮರ್ರಿ ಅನ್ನೋ ಹುಡುಗ ಇದಾನೆ, ಐದಡಿ ಹತ್ತಿಂಚು, ಮಿಂಚಿನ ಥರ ಓಡ್ತಾನೆ, ಅಷ್ಟೇ ಚೆನ್ನಾಗಿ ಎಸೀತಾನೆ, ಬೇಸ್‌ಬಾಲ್‌ನವರು ಬೇರೆ ಅವನನ್ನ ಆಗಲೇ 9ನೇ ಪಿಕ್ಕಲ್ಲಿ ಆರಿಸಿಟ್ಕೊಂಡಿದ್ರು. ಕಿಂಗ್ಸ್‌ಬರಿ ಇನ್ನೂ ಟೆಕ್ಸಸ್ ಟೆಕ್‌ನಲ್ಲಿದ್ದಾಗಲೇ ಪ್ರೆಸ್ ಮುಂದೆ, ಆಗೋ ಹಾಗಿದ್ರೆ ಡ್ರಾಫ್ಟ್‌ನಲ್ಲಿ ಮೊದಲನೇ ಪಿಕ್ಕಲ್ಲೇ ಇವನನ್ನ ತಗೋತೀನಿ ಅಂತ ಅಂದುಬಿಟ್ಟಿದ್ದ. ಆರು ತಿಂಗಳಲ್ಲಿ ನಿಜವಾಗ್ಲೂ ಅದೇ ಆಯ್ತು. ರೋಸೆನ್‌ನ ಮಯಾಮಿಗೆ ಕಳಿಸಿ ಬದಲಿಗೆ ಎರಡನೇ ರೌಂಡ್‌ನ 62ನೇ ಪಿಕ್ಕು, ಜೊತೆಗೆ ಮುಂದಿನ ವರ್ಷದ ಒಂದು ಐದನೇ ರೌಂಡ್ ಪಿಕ್ಕು ಇಸ್ಕೊಂಡ್ರು. ಒಂದು ವರ್ಷದ ಹಿಂದೆ 10ನೇ ಪಿಕ್ ಹಾಕಿದ್ದ ಮಾಲು, ಇಷ್ಟಕ್ಕೆ ಹೋಯ್ತು. ತಮಾಷೆ ಅಂದ್ರೆ ಇಬ್ರನ್ನೂ ಆರಿಸಿದ ಮ್ಯಾನೇಜರ್ ಒಬ್ಬನೇ, ಸ್ಟೀವ್ ಕೈಮ್.

ಮರ್ರಿಯನ್ನ ತಗೊಂಡಿದ್ದು ತಪ್ಪು ಅಂತ ನಾನು ಹೇಳಲ್ಲ. ಅವನು ಯಾವ ಸಿಸ್ಟಮ್‌ನಲ್ಲಿ ಬಿಟ್ರೂ ಒಂದಷ್ಟು ಆಡೋ ಹುಡುಗ. ನನ್ನ ತಕರಾರು ಇರೋದು ಆ 62ನೇ ಪಿಕ್ ಮೇಲೆ.

ಏರ್ ರೇಡ್‌ಗೆ ರಿಸೀವರ್‌ಗಳು ಬೇಕು, ಜಾಸ್ತಿ ಜನ ಬೇಕು, ಬೇಗ ಬಿಡಿಸ್ಕೊಳ್ಳೋರು ಬೇಕು. ಮ್ಯಾಸಚೂಸೆಟ್ಸ್ ಯೂನಿವರ್ಸಿಟಿಯ ಆಂಡಿ ಇಸಬೆಲ್ಲಾ ಕಾಗದದ ಮೇಲೆ ಹೇಳಿ ಮಾಡಿಸಿದ ಹಾಗಿದ್ದ, ಐದಡಿ ಒಂಬತ್ತಿಂಚಿನ ಪುಟ್ಟ ಆಳು, 40 ಯಾರ್ಡ್ 4.31 ಸೆಕೆಂಡ್‌ನಲ್ಲಿ ಓಡಿದ್ದ. 62ರಲ್ಲಿ ಅವನನ್ನ ತಗೊಂಡ್ರು. ಎರಡೇ ಪಿಕ್ ಕಳೆದು 64ರಲ್ಲಿ ಸಿಯಾಟಲ್‌ನೋರು ಡಿಕೆ ಮೆಟ್ಕಾಫ್‌ನ ತಗೊಂಡ್ರು. ಮೆಟ್ಕಾಫ್ 228 ಪೌಂಡ್, ಅಂದ್ರೆ ನೂರಾ ಮೂರು ಕೇಜಿ ಚಿಲ್ಲರೆ, ಆ ಮೈ ಇಟ್ಕೊಂಡು 4.33ರಲ್ಲಿ ಓಡಿದ್ದ. ಆದ್ರೂ ಅವನು ಅಲ್ಲೀ ತನಕ ಯಾಕೆ ಉಳ್ದ ಅಂದ್ರೆ, ಕೋನ್ ಇಟ್ಟು ತಿರುಗಿ ತಿರುಗಿ ಓಡಿಸೋ ಟೆಸ್ಟ್‌ನಲ್ಲಿ ಅವನ ಟೈಮ್ ಕೆಟ್ಟದಾಗಿತ್ತು, ಸಣ್ಣ ಜಾಗದಲ್ಲಿ ಚಕ್ಕಂತ ತಿರುಗಕ್ಕೆ ಬರಲ್ಲ, ನಮ್ಮ ಸಿಸ್ಟಮ್‌ಗೆ ಕೂರಲ್ಲ ಅಂತ ತುಂಬಾ ಜನ ಪಕ್ಕಕ್ಕಿಟ್ರು. ಇಸಬೆಲ್ಲಾ ಅರಿಜೋನಾದಲ್ಲಿ 2022ರ ಅಕ್ಟೋಬರ್‌ನಲ್ಲಿ ಬಿಡುಗಡೆ ಆಗೋ ತನಕ ಹಿಡಿದಿದ್ದು ಒಟ್ಟು 33 ಕ್ಯಾಚ್, ಅದರಿಂದ ಟೀಮ್ ಮುಂದಕ್ಕೆ ಹೋಗಿದ್ದು 447 ಯಾರ್ಡ್. ಮೆಟ್ಕಾಫ್ ಮೊದಲ ವರ್ಷದಲ್ಲೇ 900 ಯಾರ್ಡ್ ಮಾಡಿ ಎರಡನೇ ವರ್ಷ 1303 ಮಾಡಿದ.

ಬರೀ ಅದೃಷ್ಟ ಕೆಟ್ಟಿತ್ತು ಅಂತ ಬಿಟ್ಬಿಡಬಹುದಿತ್ತು, ಆದ್ರೆ ನಂಗೆ ನಗು ಬರೋದು ಮುಂದಿನದ್ದಕ್ಕೆ. 2019ರ ಸೀಸನ್ ಶುರುವಾದಾಗ ಕಿಂಗ್ಸ್‌ಬರಿ ಹೇಳಿದ ಹಾಗೇ ನಾಲ್ಕು ರಿಸೀವರ್ ಹಾಕಿ ಆಡಿಸಿದ, ಎನ್‌ಎಫ್‌ಎಲ್ ಡಿಫೆನ್ಸ್‌ಗಳು ಅರ್ಥ ಮಾಡ್ಕೊಳ್ಳೋದಕ್ಕೆ ಜಾಸ್ತಿ ದಿನ ತಗೊಳ್ಳಲಿಲ್ಲ, ಆ ಸೀಸನ್ ಮುಗಿಯೋ ಹೊತ್ತಿಗೆ ಅವನೇ ಎದುರಿನೋರನ್ನ ತಡೆಯಕ್ಕೂ ಬಾಲ್ ಹಿಡಿಯಕ್ಕೂ ಆಗೋ ದೊಡ್ಡ ಮೈಯ ಟೈಟ್ ಎಂಡ್‌ಗಳನ್ನ ಹಾಕ್ಕೊಂಡು, ಎಸೆಯೋ ಬದಲು ಬಾಲ್ ಹಿಡಿದು ಓಡೋ ರನ್ ಆಟ ಆಡಿಸ್ತಿದ್ದ. ಅಂದ್ರೆ ಯಾವ ಸಿಸ್ಟಮ್‌ಗೆ ಅಂತ ಏಪ್ರಿಲ್‌ನಲ್ಲಿ ರಿಸೀವರ್ ಮೇಲೆ ರಿಸೀವರ್ ತಂದು ಗುಡ್ಡೆ ಹಾಕಿದ್ರೋ, ಆ ಸಿಸ್ಟಮ್ ಡಿಸೆಂಬರ್‌ಗೆ ಇರಲೇ ಇಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದು ಅಂತೀವಲ್ಲ, ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ಕುಲಾವಿ ತೋರಿಸಿ ಅದರ ಅಳತೆಗೆ ಕೂಸು ತಂದ್ರು, ಆಮೇಲೆ ಕುಲಾವಿನೇ ಬಿಸಾಕಿದ್ರು.

ಕಿಂಗ್ಸ್‌ಬರಿ 2021ರಲ್ಲಿ 11-6, ಅಂದ್ರೆ 11 ಗೆಲುವು 6 ಸೋಲು, ಮಾಡಿ ಪ್ಲೇಆಫ್ ಅನ್ನೋ ನಾಕೌಟ್ ಸುತ್ತಿಗೆ ಹೋದ, ರಾಮ್ಸ್ ಟೀಮ್ ಕೈಲಿ 34-11 ತಿಂದ. 2022ರಲ್ಲಿ 4-13, ಕೆಲಸ ಹೋಯ್ತು. ನಾಲ್ಕು ವರ್ಷ ಅಷ್ಟೆ.

ಈ ನಾಲ್ಕು ವರ್ಷದ ಲೆಕ್ಕದಲ್ಲೇ ಇರೋದು ನನ್ನ ಪೂರ್ತಿ ವಾದ. ಡ್ರಾಫ್ಟ್ ಆದ ಹುಡುಗನ ಕಾಂಟ್ರ್ಯಾಕ್ಟ್ ನಾಲ್ಕು ವರ್ಷ, ಮೊದಲ ರೌಂಡ್‌ನೋನಾದ್ರೆ ಟೀಮ್ ಇಷ್ಟಪಟ್ರೆ ಐದನೇ ವರ್ಷಾನೂ ಇಟ್ಕೋಬಹುದು. 2011ರ ಒಪ್ಪಂದ ಆದ್ಮೇಲೆ ಹೊಸಬರ ಸಂಬಳಕ್ಕೆ ಕಟ್ಟು ಇದೆ, ಹಾಗಾಗಿ ಆ ನಾಲ್ಕೈದು ವರ್ಷ ಒಳ್ಳೆ ಹುಡುಗ ಸಿಕ್ಕಿದ್ರೆ ಟೀಮ್‌ಗೆ ಪುಕ್ಕಟೆ ಸಿಕ್ಕ ಹಾಗೆ. ಆದ್ರೆ ಕೋಚ್ ಅಷ್ಟು ದಿನ ಇರ್ತಾನಾ? ವಿಲ್ಕ್ಸ್ ಒಂದು ವರ್ಷ. ಎಷ್ಟೋ ಜನ ಎರಡು, ಮೂರು. ಸೀಸನ್ ಮುಗಿದ ಮಾರನೇ ಸೋಮವಾರಕ್ಕೆ ಇಲ್ಲಿ ಕಪ್ಪು ಸೋಮವಾರ ಅಂತಲೇ ಹೆಸರು, ಅವತ್ತು ಸಾಲಾಗಿ ಕೋಚ್‌ಗಳ ತಲೆ ಉರುಳತ್ತೆ. ಕೋಚ್ ಒಳ್ಳೆಯವನಾದ್ರೂ ಕಷ್ಟ, ಅವನ ಕೈಕೆಳಗೆ ಆಫೆನ್ಸ್ ನೋಡ್ಕೊಳ್ಳೋ ಕೋಆರ್ಡಿನೇಟರ್‌ನ ಬೇರೆ ಟೀಮ್‌ನೋರು ಹೆಡ್ ಕೋಚ್ ಮಾಡ್ಕೊಂಡು ಕರ್ಕೊಂಡು ಹೋಗ್ತಾರೆ. ಅಂದ್ರೆ ಸಿಸ್ಟಮ್ ಬಾಡಿಗೆಗೆ ಬಂದಿರೋದು, ಆಟಗಾರ ಲೀಸ್ ಹಾಕಿರೋನು. ಬಾಡಿಗೆದಾರನ ಸೋಫಾ ಅಳತೆಗೆ ಮನೆ ಗೋಡೆ ಒಡೆಸ್ತೀರಾ?

ಹಾಗಂತ ಫಿಟ್, ಅಂದ್ರೆ ಸಿಸ್ಟಮ್‌ಗೆ ಆಟಗಾರ ಕೂರೋದು, ಅನ್ನೋದೇ ಬೋಗಸ್ಸಾ ಅಂದ್ರೆ, ಅಲ್ಲ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ಬೇಕು.

1990ರ ದಶಕದ ಡೆನ್ವರ್ ಟೀಮ್‌ಗೆ ಬನ್ನಿ. ಕೋಚ್ ಮೈಕ್ ಶಾನಹಾನ್, ಲೈನ್ ನೋಡ್ಕೊಳ್ಳೋನು ಅಲೆಕ್ಸ್ ಗಿಬ್ಸ್. ಅವರ ಮುಖ್ಯ ಪ್ಲೇ ಔಟ್‌ಸೈಡ್ ಝೋನ್. ಮೈದಾನದಲ್ಲಿ ಇದು ಹೇಗಿರತ್ತೆ ಅಂದ್ರೆ, ಬಾಲ್ ಹಿಂದಕ್ಕೆ ಬಂದ ತಕ್ಷಣ ಲೈನ್‌ನ ಐದೂ ಜನ ಒಟ್ಟಿಗೆ ಬಲಗಡೆಗೆ ಹೆಜ್ಜೆ ಹಾಕ್ತಾರೆ, ಕೋಲಾಟದಲ್ಲಿ ಒಂದೇ ತಾಳಕ್ಕೆ ಕಾಲು ಎತ್ತಿಟ್ಟ ಹಾಗೆ. ಎದುರಿನೋನನ್ನ ಹಿಂದಕ್ಕೆ ದಬ್ಬೋದಲ್ಲ ಕೆಲಸ, ಅವನನ್ನ ಪಕ್ಕಕ್ಕೆ ಎಳ್ಕೊಂಡು ಹೋಗೋದು. ಬಾಲ್ ಹಿಡಿದು ಓಡೋ ರನ್ನಿಂಗ್ ಬ್ಯಾಕ್ ಅವರ ಹಿಂದೆನೇ ಅದೇ ದಿಕ್ಕಿಗೆ ಮೂರ್ನಾಲ್ಕು ಹೆಜ್ಜೆ ಓಡ್ತಾನೆ, ಕಣ್ಣು ಮಾತ್ರ ಎದುರಿನ ಸಾಲಿನ ಮೇಲೆ. ಡಿಫೆನ್ಸ್‌ನೋರು ಪಕ್ಕಕ್ಕೆ ಸರೀತಾ ಸರೀತಾ ಎಲ್ಲೋ ಒಂದ್ಕಡೆ ಸಂದು ಬಿಡ್ತಾರೆ, ಅದು ಕಂಡ ಕ್ಷಣ ಒಂದೇ ಸಲ ಕಾಲು ಊರಿ ತಿರುಗಿ ನೆಟ್ಟಗೆ ನುಗ್ಗಬೇಕು. ಒಂದೇ ಸಲ. ಅಲ್ಲಿ ನಿಂತು ಡ್ಯಾನ್ಸ್ ಮಾಡಿದ್ರೆ, ಇನ್ನೂ ಒಳ್ಳೆ ಸಂದು ಸಿಗಬಹುದೇನೋ ಅಂತ ಆಸೆ ಬಿದ್ರೆ, ಹಿಂದಿನಿಂದ ಬಂದೋನು ಕಾಲು ಹಿಡೀತಾನೆ, ಕಥೆ ಮುಗೀತು.

ಇದಕ್ಕೆ ಎಂಥೋರು ಬೇಕು? ಲೈನ್‌ನಲ್ಲಿ ಬೆಟ್ಟದಂಥ ಮೈ ಬೇಕಾಗಿಲ್ಲ, ಚುರುಕಾಗಿ ಅಡ್ಡಡ್ಡ ಓಡೋ ಕಾಲು ಬೇಕು. ಉಳಿದ ಟೀಮ್‌ಗಳು 320, 330 ಪೌಂಡಿನ ಆಳುಗಳ ಹಿಂದೆ ಬಿದ್ದಿದ್ದಾಗ ಡೆನ್ವರ್‌ನೋರು 300ಕ್ಕಿಂತ ಕಮ್ಮಿ ತೂಕದೋರನ್ನ ಇಟ್ಕೊಂಡು ಆಡ್ತಿದ್ರು. ಲೈನ್ ಮಧ್ಯೆ ನಿಲ್ಲೋ ಸೆಂಟರ್ ಟಾಮ್ ನೇಲೆನ್ 1994ರಲ್ಲಿ ಏಳನೇ ರೌಂಡ್‌ನಲ್ಲಿ ಸಿಕ್ಕೋನು. ರನ್ನಿಂಗ್ ಬ್ಯಾಕ್ ಟೆರೆಲ್ ಡೇವಿಸ್ 1995ರಲ್ಲಿ ಆರನೇ ರೌಂಡ್, 196ನೇ ಪಿಕ್. ಅವನು 1998ರಲ್ಲಿ 2008 ಯಾರ್ಡ್ ಓಡಿ ಎಂವಿಪಿ ಆದ, ಟೀಮ್ ಸಾಲಾಗಿ ಎರಡು ಸಲ ಸೂಪರ್ ಬೌಲ್, ಅಂದ್ರೆ ಲೀಗ್‌ನ ಫೈನಲ್, ಗೆಲ್ತು. ಡೇವಿಸ್ ಮೊಣಕಾಲು ಹೋಯ್ತು, 1999ರಲ್ಲಿ ನಾಲ್ಕನೇ ರೌಂಡ್‌ನ ಒಲಾಂಡಿಸ್ ಗ್ಯಾರಿ ಬಂದು ಸಾವಿರ ಯಾರ್ಡ್ ದಾಟಿದ, 2000ದಲ್ಲಿ ಆರನೇ ರೌಂಡ್‌ನ ಮೈಕ್ ಆಂಡರ್ಸನ್ ಬಂದು 1487 ಓಡಿದ. ನೋಡೋರಿಗೆ ಇವರೇನು ಮರದಿಂದ ಉದುರಿಸ್ಕೋತಿದ್ದಾರಾ ಅನ್ನಿಸ್ತಿತ್ತು.

ಗಮನಿಸಿ, ಇದರಲ್ಲಿ ಯಾರೂ ಮೊದಲ ರೌಂಡ್‌ನೋರಲ್ಲ. ಬೇರೆ ಟೀಮ್‌ಗಳಿಗೆ ಬೇಡವಾದ ಗುಣ ನಮಗೆ ಬೇಕು, ಹಾಗಾಗಿ ಸಂತೆ ಮುಗಿಯೋ ಹೊತ್ತಿಗೆ ಹೋಗಿ ಕಮ್ಮಿ ರೇಟಿಗೆ ತಗೊಂಡು ಬರೋಣ ಅನ್ನೋ ಬುದ್ಧಿ ಇದು. ಫಿಟ್ ಅನ್ನೋದು ಚೌಕಾಸಿಗೆ ಒಳ್ಳೆ ಆಯುಧ. 196ನೇ ಪಿಕ್ ಕೈಕೊಟ್ರೂ ಏನೂ ಕಳ್ಕೊಳ್ಳಲ್ಲ, ಕೈಹಿಡಿದ್ರೆ ಡೇವಿಸ್. ಆದ್ರೆ ಮೂರನೇ ಪಿಕ್ಕಲ್ಲಿ ಅದೇ ಮಾತು ಹೇಳಿದ್ರೆ ರೇಟು ಬೇರೆ ಆಗತ್ತೆ. ಅಲ್ಲಿಗೆ ನಮ್ಮ ಅಣ್ಣನ ಜೆರ್ಸಿಗೆ ಬಂದ್ವಿ.

ಮೈಕ್ ಶಾನಹಾನ್ ಮಗ ಕೈಲ್ ಶಾನಹಾನ್ 2017ರಿಂದ ಫೋರ್ಟಿನೈನರ್ಸ್ ಕೋಚ್, ಅಪ್ಪನ ಔಟ್‌ಸೈಡ್ ಝೋನೇ ಇವನ ಮೂಲ ಬಂಡವಾಳ. ಟೈಟ್ ಎಂಡ್ ಜಾರ್ಜ್ ಕಿಟಲ್ ಐದನೇ ರೌಂಡ್‌ನಲ್ಲಿ ಸಿಕ್ದ. ರನ್ನಿಂಗ್ ಬ್ಯಾಕ್ ರಹೀಮ್ ಮೋಸ್ಟರ್ಟ್ ಡ್ರಾಫ್ಟೇ ಆಗದೋನು, ಟೀಮ್ ಟೀಮ್ ಅಲೆದು ಬಂದೋನು, 2020ರ ಜನವರಿಯಲ್ಲಿ ಗ್ರೀನ್ ಬೇ ಮೇಲೆ ಸೆಮಿಫೈನಲ್ ಥರದ ಕಾನ್ಫರೆನ್ಸ್ ಫೈನಲ್‌ನಲ್ಲಿ 220 ಯಾರ್ಡ್, 4 ಟಚ್‌ಡೌನ್. ಅಪ್ಪನ ಸಂತೆ ಬುದ್ಧಿ ಮಗನಿಗೂ ಬಂದಿತ್ತು ಅಂದ್ಕೊಳ್ಳಿ. ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಮಾತ್ರ ಎಡವಿದ.

2021ರ ಮಾರ್ಚ್‌ನಲ್ಲಿ 12ರಿಂದ 3ಕ್ಕೆ ಹಾರಕ್ಕೆ ಆ 12ನೇ ಪಿಕ್ಕು, 2022 ಮತ್ತು 2023ರ ಮೊದಲ ರೌಂಡ್ ಪಿಕ್ಕುಗಳು, ಮೇಲೊಂದು ಮೂರನೇ ರೌಂಡ್ ಪಿಕ್ಕು, ಎಲ್ಲಾ ಮಯಾಮಿಗೆ ಕೊಟ್ರು. ತಗೊಂಡಿದ್ದು ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್, ನಾರ್ತ್ ಡಕೋಟಾ ಸ್ಟೇಟ್ ಅನ್ನೋ ಎರಡನೇ ದರ್ಜೆ ಲೀಗ್‌ನ ಟೀಮ್‌ನಿಂದ, ಕಾಲೇಜಲ್ಲಿ ಶುರುವಿಂದ ಆಡಿದ್ದು ಒಟ್ಟು 17 ಮ್ಯಾಚ್, ಕೋವಿಡ್ ವರ್ಷದಲ್ಲಿ ಒಂದೇ ಒಂದು. ಆದ್ರೆ 2019ರಲ್ಲಿ 28 ಟಚ್‌ಡೌನ್ ಎಸೆದು ಒಂದೂ ಇಂಟರ್ಸೆಪ್ಷನ್ ಇಲ್ಲ, ಓಡ್ತಾನೆ, ಕೈಲಿ ಬಲ ಇದೆ. ಶಾನಹಾನ್ ತಲೇಲಿದ್ದಿದ್ದು ಈಗಿನ ಸಿಸ್ಟಮ್ ಅಲ್ಲ, ಇವನು ಬಂದ್ರೆ ಏನಾಗಬಹುದು ಅನ್ನೋ ಮುಂದಿನ ಸಿಸ್ಟಮ್. ಆಗ ಪಂಡಿತರೆಲ್ಲಾ ಶಾನಹಾನ್ ಆಟಕ್ಕೆ ಕೂರೋನು ಅಲಬಾಮಾದ ಮ್ಯಾಕ್ ಜೋನ್ಸ್, ಟೈಮ್‌ಗೆ ಸರಿಯಾಗಿ ಬಾಲ್ ಬಿಡ್ತಾನೆ, ಅವನನ್ನೇ ತಗೋತಾರೆ ಅಂತ ಹೇಳ್ತಿದ್ರು. ಜೋನ್ಸ್ 15ನೇ ಪಿಕ್ ತನಕ ಉಳ್ದು ನ್ಯೂ ಇಂಗ್ಲೆಂಡ್‌ಗೆ ಹೋದ.

ಮುಂದಿನದು ನಿಮಗೆ ಗೊತ್ತಿರಬಹುದು. 2022ರಲ್ಲಿ ಲ್ಯಾನ್ಸ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಆಗಿ ಆಡಕ್ಕೆ ಇಳಿಸಿದ್ರು, ಎರಡನೇ ಮ್ಯಾಚಲ್ಲೇ ಸಿಯಾಟಲ್ ಎದುರು ಕಾಲ್ಗಂಟು ಮುರೀತು. ಅವನ ಬದಲು ಬಂದ ಜಿಮ್ಮಿ ಗರಾಪೊಲೊ ಡಿಸೆಂಬರ್‌ನಲ್ಲಿ ಪಾದ ಮುರ್ಕೊಂಡ. ಉಳಿದಿದ್ದು ಬ್ರಾಕ್ ಪರ್ಡಿ, ಆ ವರ್ಷದ ಡ್ರಾಫ್ಟ್‌ನ ಕಟ್ಟಕಡೆ ಪಿಕ್ಕು, 262ನೇದು, ಕೊನೆಯೋನಿಗೆ ಇವರು ಮಿಸ್ಟರ್ ಇರ್ರೆಲೆವೆಂಟ್ ಅಂತ ಬಿರುದು ಬೇರೆ ಕೊಡ್ತಾರೆ, ಲೆಕ್ಕಕ್ಕಿಲ್ಲದೋನು ಅಂತ. ಈ ಲೆಕ್ಕಕ್ಕಿಲ್ಲದೋನು ಬಂದು ಆಡಿದ್ದೇ ಆಡಿದ್ದು. 2024ರ ಫೆಬ್ರವರಿಯಲ್ಲಿ ಟೀಮ್‌ನ ಸೂಪರ್ ಬೌಲ್‌ಗೆ ಕರ್ಕೊಂಡು ಹೋದ, ಕ್ಯಾನ್ಸಸ್ ಸಿಟಿ ಕೈಲಿ ಓವರ್‌ಟೈಮ್‌ನಲ್ಲಿ 25-22 ಸೋತ್ರು. 2025ರ ಮೇನಲ್ಲಿ ಐದು ವರ್ಷಕ್ಕೆ 265 ಮಿಲಿಯನ್ ಡಾಲರ್ ಸಹಿ. ಲ್ಯಾನ್ಸ್ 2023ರ ಆಗಸ್ಟ್‌ನಲ್ಲಿ ಡಲ್ಲಾಸ್‌ಗೆ ಹೋದ, ಬದಲಿಗೆ ಸಿಕ್ಕಿದ್ದು ಒಂದು ನಾಲ್ಕನೇ ರೌಂಡ್ ಪಿಕ್ಕು.

ಪರ್ಡಿ ಯಾಕೆ ಕೂತ ಅಂತ ನೋಡಿದ್ರೆ ವಿಷಯ ಸರಳ. ಔಟ್‌ಸೈಡ್ ಝೋನ್ ತೋರಿಸಿ ರನ್ ಥರ ನಾಟಕ ಮಾಡಿ, ಡಿಫೆನ್ಸ್ ಬಲಕ್ಕೆ ಓಡಿದ ಮೇಲೆ ಕ್ವಾರ್ಟರ್‌ಬ್ಯಾಕ್ ಬಾಲ್ ಬಚ್ಚಿಟ್ಕೊಂಡು ಎಡಕ್ಕೆ ಬಂದು ಎಸೀಬೇಕು. ಇಲ್ಲಿ ಕೈಬಲಕ್ಕಿಂತ ಟೈಮಿಂಗ್ ಮುಖ್ಯ, ರಿಸೀವರ್ ತಿರುಗೋ ಮುಂಚೆ ಬಾಲ್ ಕೈ ಬಿಟ್ಟಿರ್ಬೇಕು, ಅದಕ್ಕೆ ಬೇಕಾಗಿರೋದು ಅನುಭವ. ಪರ್ಡಿ ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ ಬಂದೋನು, ಲ್ಯಾನ್ಸ್ ಶುರುವಿಂದ ಆಡಿದ್ದೇ 17 ಮ್ಯಾಚ್. ಇನ್ನೂ ಮಜಾ ಕೇಳಿ, 2025ರಲ್ಲಿ ಪರ್ಡಿಗೆ ಕಾಲ್ಬೆರಳಿನ ಗಾಯ ಆದಾಗ ಆ ಸಿಸ್ಟಮ್‌ನಲ್ಲಿ ನಿಂತು ಆಡಿದ್ದು ಅದೇ ಮ್ಯಾಕ್ ಜೋನ್ಸ್, ಊರೂರು ಸುತ್ತಿ ಬಂದು ಕಮ್ಮಿ ದುಡ್ಡಿಗೆ ಸಿಕ್ಕಿದ್ದ. ಎದುರು ಮನೇಲಿದ್ದ ಹೆಣ್ಣನ್ನ ಬಿಟ್ಟು ಊರೆಲ್ಲಾ ಹುಡುಕಿದ ಹಾಗಾಯ್ತು.

ಶಾನಹಾನ್ ದಡ್ಡ ಅಂತ ನಾನು ಹೇಳ್ತಿಲ್ಲ, ಅವನಷ್ಟು ಆಫೆನ್ಸ್ ತಿಳಿದೋರು ಇಡೀ ಲೀಗ್‌ನಲ್ಲಿ ನಾಲ್ಕೈದು ಜನ ಇದ್ರೆ ಹೆಚ್ಚು. ನನ್ನ ಪಾಯಿಂಟ್ ಏನಂದ್ರೆ ಅಷ್ಟು ತಿಳಿದೋನಿಗೂ ತನ್ನ ಸಿಸ್ಟಮ್‌ಗೆ ಯಾರು ಕೂರ್ತಾರೆ ಅಂತ ಮುಂಚಿತವಾಗಿ ಹೇಳಕ್ಕೆ ಆಗಲ್ಲ. ಅದೇ 2021ರ ಡ್ರಾಫ್ಟ್‌ನಲ್ಲಿ ಅವನು ಮೂರನೇ ರೌಂಡ್‌ನಲ್ಲಿ 88ನೇ ಪಿಕ್ಕಿಗೆ ಟ್ರೇ ಸರ್ಮನ್ ಅನ್ನೋ ರನ್ನಿಂಗ್ ಬ್ಯಾಕ್‌ನ ತಗೊಂಡ, ಆರನೇ ರೌಂಡ್‌ನಲ್ಲಿ ಎಲೈಜಾ ಮಿಚೆಲ್‌ನ ತಗೊಂಡ. ಸರ್ಮನ್ ಬೆಂಚಲ್ಲಿ ಕೂತ, ಮಿಚೆಲ್ ಆ ವರ್ಷ 963 ಯಾರ್ಡ್ ಓಡಿದ. ಇಬ್ರನ್ನೂ ನೋಡಿದ ಕಣ್ಣು ಒಂದೇ, ಸಿಸ್ಟಮ್ ಒಂದೇ, ಪ್ಲೇ ಒಂದೇ. ಹೀಗಿರುವಾಗ ಇವನು ನಮ್ಮ ಸಿಸ್ಟಮ್‌ಗೆ ನೂರಕ್ಕೆ ನೂರು ಅಂತ ಮೂರು ಮೊದಲ ರೌಂಡ್ ಪಿಕ್ಕು ಸುರಿಯೋದು ಜೂಜು, ಲೆಕ್ಕಾಚಾರ ಅಲ್ಲ. ಹೆಚ್ಚು ಟಿಕೆಟ್ ತಗೊಳ್ಳಿ, ಅಗ್ಗದ್ದು ತಗೊಳ್ಳಿ, ಯಾವ್ದಕ್ಕೆ ಹೊಡೀತು ಅಂತ ಕ್ಯಾಂಪಲ್ಲಿ ನೋಡ್ಕೊಳ್ಳಿ.

ಇನ್ನೊಂದು ಮುಖ ಇದೆ ಇದಕ್ಕೆ, ಕೋಚೇ ಬಗ್ಗೋದು. ಬಾಲ್ಟಿಮೋರ್ 2018ರಲ್ಲಿ 32ನೇ ಪಿಕ್ಕಲ್ಲಿ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್‌ನ ತಗೊಂಡಾಗ ಅವನನ್ನ ರಿಸೀವರ್ ಮಾಡಿ ಅಂತ ಸಲಹೆ ಕೊಟ್ಟ ದೊಡ್ಡ ಮನುಷ್ಯರಿದ್ರು. ಕೋಚ್ ಜಾನ್ ಹಾರ್ಬಾ ಅದು ಬಿಟ್ಟು, 2019ಕ್ಕೆ ಆಫೆನ್ಸ್‌ನ ಪೂರ್ತಿ ಅವನ ಸುತ್ತ ಹೊಸದಾಗಿ ಕಟ್ಟಿಸಿದ, ಕೋಆರ್ಡಿನೇಟರ್ ಗ್ರೆಗ್ ರೋಮನ್ ಕೈಗೆ ಕೊಟ್ಟ. ಟೀಮ್ ಆ ವರ್ಷ ಓಡಿದ್ದು 3296 ಯಾರ್ಡ್, ಲೀಗ್ ದಾಖಲೆ, 14-2, ಲಮಾರ್ ಎಲ್ಲಾ ವೋಟೂ ತಗೊಂಡು ಎಂವಿಪಿ. ಆಮೇಲೆ ಟಾಡ್ ಮಾಂಕನ್ ಬಂದು ಸಿಸ್ಟಮ್ ಬದಲಾಯ್ತು, 2023ರಲ್ಲಿ ಅದರಲ್ಲೂ ಎಂವಿಪಿ. ಮೇಷ್ಟ್ರು ಬದಲಾದ್ರೂ ಹುಡುಗ ಪಾಸು.

ಫಿಲಡೆಲ್ಫಿಯಾದಲ್ಲಿ ಕೋಚ್ ಚಿಪ್ ಕೆಲಿ ಮಾಡಿದ್ದು ಇದರ ತದ್ವಿರುದ್ಧ. ಒರೆಗಾನ್ ಯೂನಿವರ್ಸಿಟಿಯಿಂದ ತಂದ ತನ್ನ ಸ್ಪೀಡ್ ಆಫೆನ್ಸ್‌ಗೆ ಒರೆಗಾನ್ ಹುಡುಗರನ್ನೇ ತಂದು ತುಂಬಿದ, ಡಿಶಾನ್ ಜಾಕ್ಸನ್‌ನ ಬಿಟ್ಟ, ಲಶಾನ್ ಮೆಕಾಯ್‌ನ ಮಾರಿದ, ಬದಲಿಗೆ ಬಂದೋನೂ ಒರೆಗಾನ್‌ನೋನೇ, ಕೀಕೋ ಅಲೊನ್ಸೊ. 2015ರ ಡಿಸೆಂಬರ್‌ನಲ್ಲಿ ಸೀಸನ್ ಮುಗಿಯೋ ಮುಂಚೆನೇ ಕೆಲಸ ಹೋಯ್ತು. ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ, ನೆಲಾನೂ ಬದಲಾಯಿಸಿ ಕೊಟ್ಟ ಮೇಲೆ ಏನು ಹೇಳ್ತಾಳೆ?

ಇಷ್ಟೆಲ್ಲಾ ಸಿಸ್ಟಮ್ ಸಿಸ್ಟಮ್ ಅಂತೀವಲ್ಲ, ಅವು ಹುಟ್ಟಿದ್ದು ಹೇಗೆ ಗೊತ್ತಾ? ಎಲ್ರೂ ಕೈಮುಗಿಯೋ ವೆಸ್ಟ್ ಕೋಸ್ಟ್ ಆಫೆನ್ಸ್‌ನೇ ತಗೊಳ್ಳಿ, ಬಿಲ್ ವಾಲ್ಶ್ ಕಟ್ಟಿದ್ದು. ಅದು ಹುಟ್ಟಿದ್ದು ವೆಸ್ಟ್ ಕೋಸ್ಟಲ್ಲೇ ಅಲ್ಲ, ಸಿನ್ಸಿನಾಟಿಯಲ್ಲಿ. 1969ರಲ್ಲಿ ಅಲ್ಲಿ ಗ್ರೆಗ್ ಕುಕ್ ಅಂತ ಭಾರಿ ಕೈಬಲದ ಹೊಸ ಕ್ವಾರ್ಟರ್‌ಬ್ಯಾಕ್ ಇದ್ದ, ದೂರದೂರಕ್ಕೆ ಎಸೀತಿದ್ದ, ಅವನ ಭುಜ ಹಾಳಾಯ್ತು. ಉಳಿದಿದ್ದು ವರ್ಜಿಲ್ ಕಾರ್ಟರ್, ದೂರ ಎಸೆಯೋ ಶಕ್ತಿ ಇಲ್ಲ, ಆದ್ರೆ ಬುದ್ಧಿವಂತ, ಹತ್ತಿರಕ್ಕೆ ಗುರಿ ತಪ್ಪದೆ ಎಸೀತಾನೆ. ಅಸಿಸ್ಟೆಂಟ್ ಕೋಚ್ ಆಗಿದ್ದ ವಾಲ್ಶ್, ಸರಿ ಇವನಿಗೆ ಏನು ಬರತ್ತೋ ಅದನ್ನೇ ಆಡ್ಸೋಣ ಅಂತ ಮೈದಾನದ ಅಡ್ಡಕ್ಕೆ ಚಿಕ್ಕ ಚಿಕ್ಕ ಪಾಸುಗಳ ಆಟ ಬರೆದ. ಅದೇ ಆಟ ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂತು, ಜೋ ಮೊಂಟಾನಾ ಅನ್ನೋನನ್ನ 1979ರಲ್ಲಿ ಮೂರನೇ ರೌಂಡ್‌ನಲ್ಲಿ 82ನೇ ಪಿಕ್ಕಿಗೆ ತಗೊಂಡು ಸಾಮ್ರಾಜ್ಯಾನೇ ಕಟ್ಟಿದ್ರು. ಇವತ್ತು ಅದರ ಮರಿಮಕ್ಕಳ ಸಿಸ್ಟಮ್ ಇಟ್ಕೊಂಡು ಕೋಚ್‌ಗಳು ಈ ಹುಡುಗ ಕೂರಲ್ಲ ಆ ಹುಡುಗ ಕೂರಲ್ಲ ಅಂತ ಮೂಗು ಮುರೀತಾರೆ.

ಈಗ ಕಣ್ಣಿಡಬೇಕಾದ್ದು ಶಿಕಾಗೋ ಮೇಲೆ. 2024ರಲ್ಲಿ ಮೊದಲನೇ ಪಿಕ್ಕಿಗೆ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್‌ನ ತಂದು ಆ ವರ್ಷ 68 ಸಲ ನೆಲಕ್ಕೆ ಕೆಡವಿಸಿದ್ರು, 5-12, ಹೆಡ್ ಕೋಚ್ ಹೋದ, ಅವನಿಗಿಂತ ಮುಂಚೆ ಕೋಆರ್ಡಿನೇಟರ್ ಹೋದ. 2025ರ ಜನವರಿಯಲ್ಲಿ ಡೆಟ್ರಾಯಿಟ್‌ನ ಆಫೆನ್ಸ್ ಕೋಆರ್ಡಿನೇಟರ್ ಬೆನ್ ಜಾನ್ಸನ್‌ನ ಹೆಡ್ ಕೋಚ್ ಮಾಡಿ ಕರ್ಕೊಂಡು ಬಂದ್ರು. ಜಾನ್ಸನ್ ಆಟದಲ್ಲಿ ಇಬ್ರು ಟೈಟ್ ಎಂಡ್ ಇದ್ರೆ ರುಚಿ. ಯಾಕಂದ್ರೆ ಇಬ್ರು ದೊಡ್ಡ ಆಳು ಮೈದಾನಕ್ಕೆ ಬಂದ್ರೆ ಎದುರಿನೋನು ರನ್ ಅಂತ ಭಾರದ ಡಿಫೆನ್ಸ್ ಕಳಿಸ್ಬೇಕಾ, ಪಾಸ್ ಅಂತ ಹಗುರದ ಡಿಫೆನ್ಸ್ ಕಳಿಸ್ಬೇಕಾ ಅಂತ ತಲೆ ಕೆರ್ಕೋಬೇಕು, ಯಾವ್ದು ಕಳಿಸಿದ್ರೂ ಇವನು ಇನ್ನೊಂದು ಆಡ್ತಾನೆ. ಆ ಡ್ರಾಫ್ಟ್‌ನಲ್ಲಿ 10ನೇ ಪಿಕ್ಕಿಗೆ ಮಿಶಿಗನ್‌ನ ಟೈಟ್ ಎಂಡ್ ಕೋಲ್ಸ್ಟನ್ ಲವ್‌ಲ್ಯಾಂಡ್‌ನ ತಗೊಂಡ್ರು, ಕೋಲ್ ಕಮೆಟ್ ಅನ್ನೋ ಟೈಟ್ ಎಂಡ್‌ಗೆ ಆಗಲೇ ದೊಡ್ಡ ಕಾಂಟ್ರ್ಯಾಕ್ಟ್ ಕೊಟ್ಟು ಕೂರಿಸ್ಕೊಂಡಿದ್ರೂ. ಪೂರ್ತಿ ಸಿಸ್ಟಮ್ ಪಿಕ್ಕು ಇದು.

ನಾನು ಇಲ್ಲೀ ತನಕ ಹೇಳಿದ ಪ್ರಕಾರ ಇದನ್ನ ಬೈಬೇಕು. ಆದ್ರೆ ಪೂರ್ತಿ ಬೈಯಕ್ಕಾಗಲ್ಲ, ಎರಡು ಕಾರಣ. ಒಂದು, ಲವ್‌ಲ್ಯಾಂಡ್ ಓಡೋ, ಹಿಡಿಯೋ ಹುಡುಗ, ನಾಳೆ ಜಾನ್ಸನ್ ಹೋದ್ರೂ ಬೇರೆ ಕೋಚ್ ಅವನನ್ನ ಇಸಬೆಲ್ಲಾ ಥರ ಮೂಲೇಲಿ ಕೂರ್ಸಲ್ಲ. ಎರಡು, ಡೆಟ್ರಾಯಿಟ್‌ನೋರು 2023ರಲ್ಲಿ ರನ್ನಿಂಗ್ ಬ್ಯಾಕ್ ಜಮೀರ್ ಗಿಬ್ಸ್‌ನ 12ರಲ್ಲಿ, ಟೈಟ್ ಎಂಡ್ ಸ್ಯಾಮ್ ಲಪೋರ್ಟಾನ 34ರಲ್ಲಿ ತಗೊಂಡಾಗಲೂ ಈ ಜಾಗಗಳಿಗೆ ಇಷ್ಟು ಬೆಲೆ ಕೊಡ್ತಾರಾ ಅಂತ ನಕ್ಕಿದ್ರು, ಆ ವರ್ಷನೇ 12-5 ಮಾಡಿದ್ರು. ಆದ್ರೆ ಅದರ ಬಾಲಾನೂ ನೋಡಿ: ಜಾನ್ಸನ್ ಶಿಕಾಗೋಗೆ ಹೋದ, ಹುಡುಗರು ಡೆಟ್ರಾಯಿಟ್‌ನಲ್ಲೇ ಉಳಿದ್ರು, ಹೊಸ ಕೋಆರ್ಡಿನೇಟರ್ ಜಾನ್ ಮಾರ್ಟನ್ ಬಂದ, 2025ರ ನವೆಂಬರ್ ಹೊತ್ತಿಗೆ ಹೆಡ್ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಪ್ಲೇ ಕರೆಯೋ, ಅಂದ್ರೆ ಮುಂದೆ ಯಾವ ಪ್ಲೇ ಅಂತ ಹೇಳೋ, ಕೆಲಸ ತಾನೇ ಕಿತ್ಕೊಂಡ. ಗಿಬ್ಸ್ ಮಾತ್ರ ಯಾರು ಕರೆದ್ರೂ ಓಡ್ತಾನೆ, ಮೊದಲ ರೌಂಡ್‌ನಲ್ಲಿ ಹುಡುಕಬೇಕಾದ್ದು ಅಂಥೋರನ್ನ.

ನಮ್ಮ ಅಣ್ಣಂಗೆ ಇದನ್ನೆಲ್ಲಾ ಆವತ್ತೇ ಗ್ಯಾರೇಜ್ ಮುಂದೆ ನಿಂತು ಹೇಳ್ದೆ. ಬಟ್ಟೆ ಹಿಂಡ್ತಾ ಪೂರ್ತಿ ಕೇಳಿದ್ರು. ಆಮೇಲೆ, "ಸರಿ, ಪರ್ಡಿ ಜೆರ್ಸಿ ತಗೊಳ್ಳೋದಾ ಹಾಗಾದ್ರೆ?" ಅಂದ್ರು. ತಗೊಳ್ಳಿ ಅಣ್ಣ, 2030ರ ತನಕ ಸಹಿ ಆಗಿದೆ ಅಂದೆ. "ಅವನದು ಆಗಿದೆ ಕಣೋ, ಶಾನಹಾನ್‌ದು?" ಅಂದ್ಬಿಟ್ಟು ಹಿಂದಿನ ಗ್ಲಾಸು ಒರೆಸಕ್ಕೆ ಹೋದ್ರು.